ಯಾವ ಅಡುಗೆಗೆ ಎಷ್ಟು ಉರಿ: ಒಲೆಯ ನಾಬ್ ತಿರುಗಿಸುವವರಿಗೊಂದು ಮಾರ್ಗದರ್ಶಿ

ಅಡುಗೆಯ ಬರಹಗಳಲ್ಲಿ "ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ" ಎಂಬಂಥ ಸೂಚನೆ ಮತ್ತೆ ಮತ್ತೆ ಬರುತ್ತದೆ. ಆದರೆ ಬರೆದವರ ಒಲೆಯ ಮಧ್ಯಮ ಉರಿಯೂ ಓದಿದವರ ಒಲೆಯ ಮಧ್ಯಮ ಉರಿಯೂ ಒಂದೇ ಆಗಿರುತ್ತದೆ ಎಂಬ ಖಾತ್ರಿಯಿಲ್ಲ. ಅಷ್ಟೇಕೆ, ಒಂದೇ ಒಲೆಯ ಚಿಕ್ಕ ಬರ್ನರ್‌ನ ಮಧ್ಯಮಕ್ಕೂ ದೊಡ್ಡ ಬರ್ನರ್‌ನ ಮಧ್ಯಮಕ್ಕೂ ತಾಳೆಯಾಗುವುದಿಲ್ಲ. 1ರಿಂದ 9ರವರೆಗೆ ಅಂಕಿಗಳಿರುವ ವಿದ್ಯುತ್ ಒಲೆಯ 5ಕ್ಕೂ 1ರಿಂದ 6ರವರೆಗೆ ಅಂಕಿಗಳಿರುವ ಒಲೆಯ 5ಕ್ಕೂ ಯಾವ ಸಂಬಂಧವೂ ಇಲ್ಲ. ಆದ್ದರಿಂದ ಯಾವ ಅಡುಗೆಗೆ ಯಾವ ಅಂಕಿ ಎಂಬ ಪಟ್ಟಿಯನ್ನು ಇಲ್ಲಿ ಕೊಟ್ಟಿಲ್ಲ. ಅಂಥ ಪಟ್ಟಿ ನೋಡಲು ಅನುಕೂಲವೆನಿಸಿದರೂ ಒಲೆ ಬದಲಾದ ದಿನವೇ ಅದು ಕೆಲಸಕ್ಕೆ ಬಾರದಂತಾಗುತ್ತದೆ. ಪಾತ್ರೆಯೊಳಗೆ ಏನು ಕಾಣಬೇಕು, ಏನು ಕೇಳಿಸಬೇಕು, ಅದಕ್ಕೆ ತಕ್ಕಂತೆ ನಾಬನ್ನು ಯಾವಾಗ ಯಾವ ಕಡೆಗೆ ತಿರುಗಿಸಬೇಕು ಎಂಬುದನ್ನು ಮಾತ್ರ ಕ್ರಮವಾಗಿ ವಿವರಿಸಲಾಗಿದೆ.

ನಾಬ್ ತಾಪಮಾನವನ್ನು ಹೇಳುವುದಿಲ್ಲ

ಓವನ್‌ನಲ್ಲಿ 180 ಡಿಗ್ರಿ ಎಂದು ಇಟ್ಟರೆ ಒಳಗಿನ ಥರ್ಮೋಸ್ಟಾಟ್ ಆ ತಾಪಮಾನವನ್ನು ಕಾಯ್ದುಕೊಳ್ಳುತ್ತದೆ. ಒಲೆಯ ನಾಬ್ ಹಾಗಲ್ಲ. ಪ್ರತಿ ಸೆಕೆಂಡಿಗೆ ಪಾತ್ರೆಯ ತಳಕ್ಕೆ ಎಷ್ಟು ಶಾಖ ಹೋಗಬೇಕು ಎಂಬುದನ್ನಷ್ಟೇ ಅದು ನಿರ್ಧರಿಸುತ್ತದೆ. ಆ ಶಾಖದಿಂದ ಪಾತ್ರೆ ಎಷ್ಟು ಕಾಯುತ್ತದೆ ಎಂಬುದು ಒಳಗೆ ಏನಿದೆ, ಎಷ್ಟಿದೆ, ಮುಚ್ಚಳ ಇದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ. ತೂತಿರುವ ಕೊಡಕ್ಕೆ ನಲ್ಲಿಯಿಂದ ನೀರು ಬಿಟ್ಟಾಗ ನೀರು ಯಾವ ಮಟ್ಟದಲ್ಲಿ ನಿಲ್ಲುತ್ತದೆಂದು ತಿಳಿಯಲು ನಲ್ಲಿಯನ್ನು ಎಷ್ಟು ತಿರುಗಿಸಿದ್ದೇವೆ ಎಂಬುದರ ಜೊತೆಗೆ ತೂತು ಎಷ್ಟು ದೊಡ್ಡದು ಎಂಬುದೂ ಗೊತ್ತಿರಬೇಕಷ್ಟೆ; ಇಲ್ಲಿಯೂ ಲೆಕ್ಕ ಹಾಗೆಯೇ. ಪಾತ್ರೆ ತುಂಬ ನೀರನ್ನು ಸುಮ್ಮನೆ ಕುದಿಯಲ್ಲಿಡಲು ಬೇಕಾಗುವ ಉರಿಯೇ ಖಾಲಿ ಬಾಣಲೆಯನ್ನು ಕೆಲವೇ ನಿಮಿಷಗಳಲ್ಲಿ ಎಣ್ಣೆ ಹೊಗೆಯಾಡುವಷ್ಟು ಕಾಯಿಸಿಬಿಡಬಲ್ಲದು. ಕೆಲವು ಇಂಡಕ್ಷನ್ ಒಲೆಗಳು ತಾಪಮಾನವನ್ನೇ ತೋರಿಸುತ್ತವೆ, ನಿಜ. ಆದರೆ ಅವುಗಳ ಸಂವೇದಕ ಗಾಜಿನ ಕೆಳಗಿರುವುದರಿಂದ ಆ ಅಂಕಿಯನ್ನು ಅಂದಾಜು ಎಂದೇ ತಿಳಿಯಬೇಕು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು. ಪಾತ್ರೆಯಲ್ಲಿ ನೀರಿರುವವರೆಗೆ ಅಡುಗೆಯ ತಾಪಮಾನ ನೀರಿನ ಕುದಿಬಿಂದುವನ್ನು, ಅಂದರೆ ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್ ಅನ್ನು, ಹೆಚ್ಚುಕಡಿಮೆ ದಾಟುವುದಿಲ್ಲ. ಉರಿ ಎಷ್ಟೇ ಜೋರಾಗಿದ್ದರೂ ಹೆಚ್ಚುವರಿ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ವೆಚ್ಚವಾಗುತ್ತದೆ. ನೀರು ಹೋಗಿ ಎಣ್ಣೆ ಅಥವಾ ಬರಿಯ ಲೋಹ ಮಾತ್ರ ಉಳಿದಾಗ ಈ ಮಿತಿ ಕಳಚಿಬೀಳುತ್ತದೆ, ತಾಪಮಾನ ಸರಸರನೆ ಏರುತ್ತದೆ. ಪದಾರ್ಥಕ್ಕೆ ಕಂದುಬಣ್ಣವನ್ನೂ ಹುರಿದ ಪರಿಮಳವನ್ನೂ ಕೊಡುವ ಮೈಯಾರ್ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿಯ ಮೇಲೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆ ಕುದಿಯುವ ನೀರಿನೊಳಗೆ ಲೆಕ್ಕಕ್ಕೆ ಬರುವಷ್ಟು ನಡೆಯದು. ಬೇಯಿಸಿದ ಆಲೂಗಡ್ಡೆ ಬೆಳ್ಳಗೂ ಹುರಿದದ್ದು ಹೊಂಬಣ್ಣಕ್ಕೂ ಇರುವುದು ಇದರಿಂದಲೇ. ಹೀಗಾಗಿ ಉರಿಯನ್ನು ನಿರ್ಧರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈಗ ಪಾತ್ರೆಯಲ್ಲಿ ನೀರಿನ ಆಳ್ವಿಕೆಯೋ, ಎಣ್ಣೆಯ ಆಳ್ವಿಕೆಯೋ?

ಮೊದಲ ಹೆಜ್ಜೆ: ನಿಮ್ಮ ಒಲೆಯನ್ನು ಅರಿತುಕೊಳ್ಳುವುದು

ಅರ್ಧ ಗಂಟೆ ಬಿಡುವು ಮಾಡಿಕೊಂಡು ಒಮ್ಮೆ ಈ ಪರೀಕ್ಷೆ ಮಾಡಿಟ್ಟುಕೊಂಡರೆ ಮುಂದೆ ಊಹೆಯ ಮೇಲೆ ನಡೆಯಬೇಕಾಗುವುದಿಲ್ಲ. ಹೆಚ್ಚಾಗಿ ಬಳಸುವ ಪಾತ್ರೆಯಲ್ಲಿ 1 ಲೀಟರ್ ನೀರು ಹಾಕಿ, ಮುಚ್ಚಳ ಮುಚ್ಚಿ, ಪೂರ್ತಿ ಉರಿಯಲ್ಲಿಟ್ಟು ಕುದಿ ಬರಲು ಎಷ್ಟು ಹೊತ್ತಾಯಿತೆಂದು ನೋಡಿ. 20 ಡಿಗ್ರಿಯಲ್ಲಿರುವ 1 ಲೀಟರ್ ನೀರನ್ನು 100 ಡಿಗ್ರಿಗೆ ತರಲು ಸುಮಾರು 335 ಕಿಲೋಜೂಲ್ ಶಾಖ ಬೇಕು. 2000 ವ್ಯಾಟ್ ಶಾಖ ಪೂರ್ತಿಯಾಗಿ ನೀರಿಗೇ ಸೇರಿದರೆ ಇದಕ್ಕೆ ಮೂರು ನಿಮಿಷವೂ ಬೇಡ. ನಿಮ್ಮ ಒಲೆ ಆರು ನಿಮಿಷ ತೆಗೆದುಕೊಂಡಿತೆಂದರೆ ನೀರಿಗೆ ನಿಜವಾಗಿ ತಲುಪುತ್ತಿರುವುದು ಸುಮಾರು 900 ವ್ಯಾಟ್ ಎಂದಾಯಿತು. ಅಂಥ ಒಲೆಯ "ಜೋರು ಉರಿ" ಇನ್ನೊಬ್ಬರ ಒಲೆಯ ಮಧ್ಯಮ ಉರಿಗೆ ಸಮನಾಗಿರಬಹುದು.

ನೀರು ಕುದಿ ಬಂದ ಮೇಲೆ ಮುಚ್ಚಳ ತೆಗೆದು ಉರಿಯನ್ನು ಒಂದೊಂದೇ ಹಂತ ಇಳಿಸುತ್ತ ಬನ್ನಿ, ಪ್ರತಿ ಹಂತದಲ್ಲಿಯೂ ಎರಡು ಮೂರು ನಿಮಿಷ ಕಾಯಿರಿ. ಮೂರು ಸ್ಥಾನಗಳನ್ನು ಗುರುತಿಸಿಕೊಳ್ಳಬೇಕು. ಕಲಕಿದರೂ ನಿಲ್ಲದಂತೆ ನೀರು ಕೊತಕೊತ ಕುದಿಯುವ ಅತಿ ಕಡಿಮೆ ಉರಿ ಮೊದಲನೆಯದು. ತಳದಿಂದ ಗುಳ್ಳೆಗಳು ಒಂದೆರಡಾಗಿ ಎದ್ದು ಮೇಲೆ ಬಂದು ಒಡೆಯುವ ಮೆಲುಕುದಿ ಎರಡನೆಯದು. ಗುಳ್ಳೆ ಮೇಲೆ ಬಾರದೆ ನೀರಿನ ಮೇಲ್ಮೈ ಮಾತ್ರ ನಡುಗುತ್ತ, ತಳದಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಅಂಟಿಕೊಂಡು ನಿಲ್ಲುವ ಸ್ಥಿತಿ ಮೂರನೆಯದು. ನಾಬಿನ ಪಕ್ಕದಲ್ಲಿ ಚಿಕ್ಕ ಚೀಟಿ ಅಂಟಿಸಿ ಗುರುತು ಮಾಡಿಟ್ಟರೂ ತಪ್ಪಿಲ್ಲ. ಆದರೆ ಈ ಗುರುತುಗಳು ಅಷ್ಟು ನೀರಿಗೆ, ಆ ಪಾತ್ರೆಗೆ, ಮುಚ್ಚಳವಿಲ್ಲದ ಸ್ಥಿತಿಗೆ ಮಾತ್ರ ಹೊಂದುತ್ತವೆ. ಮುಚ್ಚಳ ಮುಚ್ಚಿದರೆ ಅದೇ ಉರಿಯಲ್ಲಿ ಮೆಲುಕುದಿ ಜೋರು ಕುದಿಯಾಗುತ್ತದೆ. ನೀರಿನ ಪ್ರಮಾಣ ಇಮ್ಮಡಿಯಾದರೆ ಅದೇ ಉರಿ ಸಾಲದೆ ಹೋಗಬಹುದು.

ಒಲೆಯ ಬಗೆಗೆ ತಕ್ಕಂತೆ ಕೆಲವು ವಿಶೇಷಗಳನ್ನು ಗಮನಿಸಬೇಕು. ಅನೇಕ ಗ್ಯಾಸ್ ಒಲೆಗಳಲ್ಲಿ ನಾಬನ್ನು ತಿರುಗಿಸಿದಾಗ ಮೊದಲು ಬರುವುದು ಪೂರ್ತಿ ಉರಿ, ಇನ್ನೂ ಮುಂದಕ್ಕೆ ತಿರುಗಿಸಿದರೆ ಸಿಮ್. ಹೊಸಬರು ಉರಿ ಸಣ್ಣದು ಮಾಡಲು ಹಿಂದಕ್ಕೆ ತಿರುಗಿಸಿ ಒಲೆ ಆರಿಸಿಬಿಡುವುದುಂಟು. ಜ್ವಾಲೆ ನೀಲಿಯಾಗಿರಬೇಕು, ಪಾತ್ರೆಯ ತಳದ ಅಂಚನ್ನು ದಾಟಬಾರದು. ಅಂಚು ದಾಟಿದ ಜ್ವಾಲೆ ಪಾತ್ರೆಯ ಪಕ್ಕವನ್ನೂ ಹಿಡಿಯನ್ನೂ ಕಾಯಿಸುತ್ತದೆಯೇ ಹೊರತು ಅಡುಗೆಗೆ ಹೆಚ್ಚು ಒದಗುವುದಿಲ್ಲ. ಮನೆಬಳಕೆಯ ಗ್ಯಾಸ್ ಒಲೆಯಲ್ಲಿ ಚಿಕ್ಕ ಬರ್ನರ್ ಸಾಮಾನ್ಯವಾಗಿ 1 ಕಿಲೋವಾಟ್ ಆಸುಪಾಸಿನದು, ದೊಡ್ಡದು 3 ಕಿಲೋವಾಟ್ ಆಸುಪಾಸಿನದು. ಆದ್ದರಿಂದ ದೊಡ್ಡ ಬರ್ನರ್‌ನ ಸಿಮ್ ಕೂಡ ಚಿಕ್ಕ ಪಾತ್ರೆಗೆ ಹೆಚ್ಚಾಗಬಹುದು. ಸಿಮ್‌ನಲ್ಲಿಟ್ಟರೂ ತಳ ಹಿಡಿಯುತ್ತಿದೆ ಎನ್ನುವವರು ಬರ್ನರ್ ಬದಲಿಸಿ ನೋಡುವುದೇ ಸುಲಭದ ಪರಿಹಾರ.

ತಟ್ಟೆಯಾಕಾರದ ವಿದ್ಯುತ್ ಒಲೆ ಮತ್ತು ಗಾಜಿನ ಕೆಳಗೆ ಸುರುಳಿ ಕೆಂಪಾಗುವ ಒಲೆ ನಿಧಾನದವು. ನಾಬ್ ಇಳಿಸಿದ ಕೂಡಲೇ ಅವು ತಣಿಯುವುದಿಲ್ಲ. ಹಾಲು ಉಕ್ಕಿ ಬರುವಾಗ ಗ್ಯಾಸ್ ಆದರೆ ಉರಿ ಇಳಿಸಿದರೆ ಸಾಕು, ಇಲ್ಲಿ ಪಾತ್ರೆಯನ್ನೇ ಎತ್ತಬೇಕಾಗುತ್ತದೆ. ಇವುಗಳಲ್ಲಿ ಬಹುಪಾಲು ಒಲೆಗಳು ಕಡಿಮೆ ಉರಿಯನ್ನು ಕೊಡುವುದೂ ಸುರುಳಿಯನ್ನು ಹೊತ್ತಿಸುತ್ತ ಆರಿಸುತ್ತಲೇ, ಹಾಗಾಗಿ ಸುರುಳಿ ಆಗಾಗ ಕಪ್ಪಾಗುವುದು ದೋಷವಲ್ಲ. ಜೋರು ಉರಿಯಿಂದ ಸಣ್ಣ ಉರಿಗೆ ತಕ್ಷಣ ಬರಬೇಕಾದ ಅಡುಗೆಗಳಿಗೆ ಎರಡು ತಟ್ಟೆಗಳನ್ನು, ಒಂದನ್ನು ಜೋರಾಗಿ ಇನ್ನೊಂದನ್ನು ಸಣ್ಣಗೆ, ಮೊದಲೇ ಕಾಯಿಸಿಟ್ಟುಕೊಂಡು ಪಾತ್ರೆಯನ್ನು ಒಂದರಿಂದ ಇನ್ನೊಂದಕ್ಕೆ ಸರಿಸುವುದು ಒಳ್ಳೆಯ ಉಪಾಯ.

ಇಂಡಕ್ಷನ್ ಒಲೆ ಪಾತ್ರೆಯ ತಳವನ್ನೇ ನೇರವಾಗಿ ಕಾಯಿಸುವುದರಿಂದ ನಾಬಿಗೆ ತಕ್ಷಣ ಸ್ಪಂದಿಸುತ್ತದೆ. ಅಯಸ್ಕಾಂತ ಅಂಟುವ ತಳದ ಪಾತ್ರೆ ಮಾತ್ರ ಇದಕ್ಕೆ ಆಗುತ್ತದೆ. ಅಗ್ಗದ ಮಾದರಿಗಳಲ್ಲಿ ಕಡಿಮೆ ಹಂತ ಎಂದರೆ ಕೆಲವು ಸೆಕೆಂಡ್ ಹೆಚ್ಚು ಶಕ್ತಿ, ಕೆಲವು ಸೆಕೆಂಡ್ ಏನೂ ಇಲ್ಲ ಎಂಬಂತಿರುತ್ತದೆ; ತೆಳು ತಳದ ಪಾತ್ರೆಯಾದರೆ ಕುದಿ ಎದ್ದು ಬಿದ್ದು ಆಗುವುದು ಕಣ್ಣಿಗೇ ಕಾಣುತ್ತದೆ. ದಪ್ಪ ತಳದ ಪಾತ್ರೆ ಈ ಏರಿಳಿತವನ್ನು ಬಹಳಮಟ್ಟಿಗೆ ನುಂಗಿಕೊಳ್ಳುತ್ತದೆ. ಗ್ಯಾಸ್ ಒಲೆಯಿಂದ ಇಂಡಕ್ಷನ್‌ಗೆ ಬಂದವರು ಆರಂಭದಲ್ಲಿ ತಾವಂದುಕೊಂಡದ್ದಕ್ಕಿಂತ ಒಂದೆರಡು ಹಂತ ಕಡಿಮೆ ಇಟ್ಟುಕೊಳ್ಳುವುದು ಲೇಸು.

ನೀರಿನಲ್ಲಿ ಬೇಯುವ ಅಡುಗೆಗಳು

ಇಲ್ಲಿ ನಿಯಮ ಸರಳ: ಕುದಿ ಬರುವವರೆಗೆ ಜೋರು ಉರಿ, ಬಂದ ಮೇಲೆ ಇಳಿಸುವುದು. 100 ಡಿಗ್ರಿಗೆ ಬಂದ 1 ಲೀಟರ್ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 2,257 ಕಿಲೋಜೂಲ್ ಬೇಕು, ಅಂದರೆ ಅದನ್ನು ಕುದಿಗೆ ತರಲು ಬೇಕಾದದ್ದರ ಆರು ಪಟ್ಟಿಗೂ ಹೆಚ್ಚು. ಮುಚ್ಚಳವಿಲ್ಲದ ಪಾತ್ರೆ ಕೊತಕೊತ ಕುದಿಯುತ್ತಿರುವಾಗ ಇಂಧನ ಹೋಗುತ್ತಿರುವುದು ಈ ಖಾತೆಗೆ. ಒಳಗಿನ ಪದಾರ್ಥಕ್ಕೆ ಜೋರು ಕುದಿಯೂ ಸುಮಾರು 100 ಡಿಗ್ರಿ, ಅದಕ್ಕಿಂತ ತುಸು ಕಡಿಮೆಯಾದ ಮೆಲುಕುದಿಯೂ ಬೇಯುವ ವೇಗದಲ್ಲಿ ಹೆಚ್ಚಿನ ವ್ಯತ್ಯಾಸ ತಾರದಷ್ಟು ಹತ್ತಿರ. ಜೋರು ಕುದಿಯಿಂದ ಬೇಗ ಬೇಯುತ್ತದೆ ಎಂಬ ನಂಬಿಕೆ ಎಷ್ಟು ವ್ಯಾಪಕವೋ ಅಷ್ಟೇ ನಿರಾಧಾರ.

ಹಾಗಾದರೆ ಜೋರು ಕುದಿ ಎಲ್ಲಿ ಬೇಕು? ನೀರಿನ ಓಡಾಟವೇ ಉಪಯೋಗಕ್ಕೆ ಬರುವ ಕಡೆ. ಪಾಸ್ತಾ, ನೂಡಲ್ಸ್‌ನಂಥವು ಒಂದಕ್ಕೊಂದು ಅಂಟಿಕೊಳ್ಳದಿರಲು ನೀರು ಮಗುಚಿ ಮಗುಚಿ ಬರುತ್ತಿರಬೇಕು. ಹಸಿರು ತರಕಾರಿಯನ್ನು ಬಣ್ಣ ಕೆಡದಂತೆ ಒಂದೆರಡು ನಿಮಿಷ ಮಾತ್ರ ಬೇಯಿಸಿ ತೆಗೆಯುವಾಗ, ಹಾಕಿದ ತಕ್ಷಣ ಕುದಿ ನಿಂತು ಹೋಗದಂತೆ ಹೆಚ್ಚು ನೀರೂ ಪೂರ್ತಿ ಉರಿಯೂ ಬೇಕು. ತೆಳ್ಳಗಿನ ರಸವನ್ನು ಬತ್ತಿಸಿ ಗಟ್ಟಿ ಮಾಡುವಾಗಲೂ ಅಷ್ಟೇ, ಅಲ್ಲಿ ಆವಿಯಾಗುವುದೇ ಉದ್ದೇಶ. ಅಗಲ ಬಾಯಿಯ ಪಾತ್ರೆಯಾದರೆ ಇನ್ನೂ ಬೇಗ. ಆದರೆ ರಸ ಗಟ್ಟಿಯಾಗುತ್ತ ಬಂದಂತೆ ಉರಿಯನ್ನು ಇಳಿಸುತ್ತ ಹೋಗಬೇಕು. ತೆಳುವಾಗಿದ್ದಾಗ ತಳದ ಬಿಸಿಯನ್ನು ಮೇಲಕ್ಕೆ ಒಯ್ಯುತ್ತಿದ್ದ ಹರಿವು ಗಟ್ಟಿಯಾದಾಗ ನಿಂತುಹೋಗುತ್ತದೆ. ಶಾಖ ತಳದಲ್ಲೇ ಕೂತು, ಮೇಲೆ ಇನ್ನೂ ನೀರು ಕಾಣುತ್ತಿರುವಾಗಲೇ ಕೆಳಗೆ ಸೀಯಲು ತೊಡಗುತ್ತದೆ. ಗುಳ್ಳೆಗಳು "ಬುಳಕ್ ಬುಳಕ್" ಎಂದು ತಡವಾಗಿ ಒಡೆದು ಹನಿ ಸಿಡಿಸತೊಡಗಿದರೆ ಅದು ಉರಿ ಇಳಿಸಬೇಕೆಂಬ ಸೂಚನೆ.

ಒಣಗಿದ ಕೆಂಪು ಕಿಡ್ನಿ ಬೀನ್ಸ್ ಮೆಲುಕುದಿಯ ನಿಯಮಕ್ಕೆ ಮುಖ್ಯವಾದ ಅಪವಾದ. ಅದರಲ್ಲಿರುವ ಲೆಕ್ಟಿನ್ ಎಂಬ ಅಂಶ ಸರಿಯಾಗಿ ನಾಶವಾಗದಿದ್ದರೆ ವಾಂತಿ, ಭೇದಿ ತರುತ್ತದೆ. ಕಾಳನ್ನು ನೆನೆಸಿ, ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದ ಮೇಲೆಯೇ ಉರಿ ಇಳಿಸಬೇಕು. ಇನ್ನೂ ಹೆಚ್ಚು ಹೊತ್ತು ಕುದಿಸಿದರೆ ಒಳ್ಳೆಯದೇ. ಕುದಿ ಮುಟ್ಟದ ಮಂದ ಬಿಸಿಯಲ್ಲಿ ಗಂಟೆಗಟ್ಟಲೆ ಇಡುವುದು ಇದಕ್ಕೆ ಸಲ್ಲದು.

ಉಳಿದ ಬೇಳೆಕಾಳು, ಗೆಡ್ಡೆಗೆಣಸು, ಸಾರುಗಳಿಗೆಲ್ಲ ಮೆಲುಕುದಿಯೇ ತಕ್ಕದ್ದು. ಜೋರು ಕುದಿಯಲ್ಲಿ ಆಲೂಗಡ್ಡೆಯ ಹೊರಭಾಗ ಕರಗಿ ನೀರು ಗಂಜಿಯಾದರೂ ನಡುಭಾಗ ಗಟ್ಟಿಯಾಗಿಯೇ ಉಳಿಯುತ್ತದೆ, ಏಕೆಂದರೆ ಒಳಕ್ಕೆ ಬಿಸಿ ಇಳಿಯುವ ವೇಗ ಹೊರಗಿನ ಗಲಭೆಯಿಂದ ಹೆಚ್ಚುವುದಿಲ್ಲ. ಮಾಂಸದ ಗಟ್ಟಿ ತುಂಡುಗಳನ್ನು ಬೇಯಿಸುವವರು ಇನ್ನೂ ತಾಳ್ಮೆಯಿಂದಿರಬೇಕು. ಅದನ್ನು ಬಿಗಿಯಾಗಿ ಹಿಡಿದಿರುವ ಕೊಲಾಜನ್ ಮೃದುವಾದ ಜೆಲಟಿನ್ ಆಗಿ ಮಾರ್ಪಡುವುದು ಗಂಟೆಗಳ ಕೆಲಸ. 80ರಿಂದ 95 ಡಿಗ್ರಿಯ ನಡುವೆ, ಮುಚ್ಚಳವನ್ನು ಓರೆಯಾಗಿಟ್ಟು, ಗುಳ್ಳೆ ಆಗೊಂದು ಈಗೊಂದು ಏಳುವಂತೆ ಇಟ್ಟರೆ ಸಾರು ತಿಳಿಯಾಗಿಯೂ ಉಳಿಯುತ್ತದೆ. ಜೋರಾಗಿ ಕುದಿಸಿದರೆ ಮೇಲೆ ತೇಲುವ ಕೊಬ್ಬೂ ನೊರೆಯೂ ಸಾರಿನೊಳಗೆ ಬೆರೆತು ಅದು ಬಗ್ಗಡವಾಗುತ್ತದೆ.

ನೀರು ಪೂರ್ತಿ ಇಂಗುವ ಹಾಗೆ ಅನ್ನ ಮಾಡುವಾಗ ಮೂರು ಹಂತಗಳಿವೆ. ಕುದಿ ಬರುವವರೆಗೆ ಜೋರು ಉರಿ. ಆಮೇಲೆ ಮುಚ್ಚಳ ಬಿಗಿಯಾಗಿ ಮುಚ್ಚಿ ಒಲೆ ಕೊಡಬಲ್ಲ ಅತಿ ಸಣ್ಣ ಉರಿ. ನೀರು ಇಂಗಿದ ಮೇಲೆ ಒಲೆ ಆರಿಸಿ, ಮುಚ್ಚಳ ತೆಗೆಯದೆ ಹತ್ತು ನಿಮಿಷ ಹಾಗೆಯೇ ಬಿಡುವುದು. ಕೊನೆಯ ಹಂತವನ್ನು ಬಿಟ್ಟವರಿಗೆ ಮೇಲಿನ ಅಗುಳು ಬಿರುಸಾಗಿಯೂ ತಳದ್ದು ಮುದ್ದೆಯಾಗಿಯೂ ಸಿಗುತ್ತದೆ.

ಹಬೆಯಲ್ಲಿ ಬೇಯಿಸುವುದಕ್ಕೆ ಹಬೆ ಎಡೆಬಿಡದೆ ಬರುತ್ತಿದ್ದರೆ ಸಾಕು. ಮಧ್ಯಮಕ್ಕಿಂತ ಮೇಲಿನ ಉರಿಯಿಂದ ಕೆಳಗಿನ ನೀರು ಬೇಗ ಬತ್ತುವುದಷ್ಟೇ ಲಾಭ. ಪ್ರೆಶರ್ ಕುಕ್ಕರ್‌ನ ಕಥೆಯೂ ಇದೇ. ಪೂರ್ತಿ ಒತ್ತಡದಲ್ಲಿ ಅದರೊಳಗಿನ ತಾಪಮಾನ ಸುಮಾರು 120 ಡಿಗ್ರಿ. ಅದನ್ನು ನಿರ್ಧರಿಸುವುದು ಮೇಲಿನ ವೆಯ್ಟ್, ಉರಿಯಲ್ಲ. ಒತ್ತಡ ಬಂದ ಮೇಲೂ ಜೋರು ಉರಿಯಲ್ಲೇ ಬಿಟ್ಟರೆ ಕೂಗು ಹೆಚ್ಚುತ್ತದೆ, ನೀರು ಖರ್ಚಾಗುತ್ತದೆ, ತಳ ಹಿಡಿಯುವ ಸಂಭವ ಬೆಳೆಯುತ್ತದೆ, ಬೇಯುವ ಸಮಯ ಮಾತ್ರ ಕಡಿಮೆಯಾಗುವುದಿಲ್ಲ. ಕೂಗುಗಳ ನಡುವಿನ ಅಂತರ ಉರಿಯನ್ನು ಅವಲಂಬಿಸಿರುವುದರಿಂದ ಕೂಗು ಎಣಿಸುವುದಕ್ಕಿಂತ, ಒತ್ತಡ ಬಂದ ಕೂಡಲೇ ಉರಿ ಇಳಿಸಿ ಗಡಿಯಾರ ನೋಡುವುದು ಹೆಚ್ಚು ನಂಬಿಕಸ್ತ ವಿಧಾನ ಎಂಬುದು ನನ್ನ ಅಭಿಪ್ರಾಯ.

ಎತ್ತರದ ಪ್ರದೇಶದಲ್ಲಿರುವವರಿಗೆ ಒಂದು ಮಾತು. ಸುಮಾರು ಪ್ರತಿ 300 ಮೀಟರ್ ಎತ್ತರಕ್ಕೆ ನೀರಿನ ಕುದಿಬಿಂದು 1 ಡಿಗ್ರಿಯಷ್ಟು ಇಳಿಯುತ್ತದೆ. 1,500 ಮೀಟರ್ ಎತ್ತರದಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ಉರಿ ಹೆಚ್ಚಿಸಿದರೂ ಈ ಕೊರತೆ ತುಂಬುವುದಿಲ್ಲ, ಹೆಚ್ಚು ಹೊತ್ತು ಬೇಯಿಸಬೇಕು ಅಥವಾ ಕುಕ್ಕರ್ ಬಳಸಬೇಕು.

ಮೆಲುಕುದಿಗಿಂತಲೂ ಕೆಳಗೆ

ಒಡೆದ ಮೊಟ್ಟೆಯನ್ನು ನೀರಿನಲ್ಲಿ ಇಳಿಬಿಟ್ಟು ಬೇಯಿಸುವುದು, ಮೀನಿನ ತುಂಡುಗಳನ್ನು ಸಾರಿನಲ್ಲಿ ಮೆದುವಾಗಿ ಬೇಯಿಸುವುದು ಮೊದಲಾದವಕ್ಕೆ 70ರಿಂದ 82 ಡಿಗ್ರಿ ಸಾಕು. ಪರೀಕ್ಷೆಯಲ್ಲಿ ಗುರುತಿಸಿಕೊಂಡ ಮೂರನೆಯ ಸ್ಥಾನ ಇಲ್ಲಿ ಒದಗುತ್ತದೆ. ಮೊಟ್ಟೆಯ ಬಿಳಿಭಾಗ 62 ಡಿಗ್ರಿಯ ಆಸುಪಾಸಿನಲ್ಲಿ, ಹಳದಿ ಭಾಗ 65ರಿಂದ 70ರ ನಡುವೆ ಗಟ್ಟಿಯಾಗತೊಡಗುವುದರಿಂದ ಕುದಿಯುವ ನೀರಿನ ಅಗತ್ಯವೇ ಇಲ್ಲ. ಕುದಿತ ಬಿಳಿಭಾಗವನ್ನು ಚಿಂದಿ ಮಾಡುತ್ತದೆ. ಬರಿಯ ಮೊಟ್ಟೆಯಿಂದ ಗಟ್ಟಿಯಾಗುವ ಕಸ್ಟರ್ಡ್ 82 ಡಿಗ್ರಿಯ ಸುಮಾರಿಗೆ ಚಮಚದ ಬೆನ್ನಿಗೆ ಹತ್ತುವಷ್ಟು ಮಂದವಾಗಿ, ಇನ್ನು ಕೆಲವೇ ಡಿಗ್ರಿ ಏರಿದರೆ ಒಡೆದು ಕಾಳುಕಾಳಾಗುತ್ತದೆ. ಕಾರ್ನ್‌ಫ್ಲೋರ್‌ನಂಥ ಪಿಷ್ಟ ಸೇರಿಸಿದ್ದರೆ ಈ ಭಯವಿಲ್ಲ, ಅದನ್ನು ಕುದಿಸಲೇಬೇಕು. ಚಾಕೊಲೇಟ್ 30ರಿಂದ 34 ಡಿಗ್ರಿಗೇ ಕರಗುವ ವಸ್ತು, ಆದ್ದರಿಂದ ಒಲೆಯ ಅತಿ ಸಣ್ಣ ಉರಿಯೂ ಅದಕ್ಕೆ ಹೆಚ್ಚು. ಬಿಸಿನೀರಿನ ಪಾತ್ರೆಯ ಮೇಲೆ, ತಳ ನೀರಿಗೆ ತಾಗದಂತೆ, ಇನ್ನೊಂದು ಬಟ್ಟಲಿಟ್ಟು ಕರಗಿಸಬೇಕು.

ಹಾಲು ಈ ಗುಂಪಿಗೂ ಸೇರದ, ಹಿಂದಿನದಕ್ಕೂ ಸೇರದ ಪದಾರ್ಥ. ಸುಮಾರು 70 ಡಿಗ್ರಿ ದಾಟಿದಂತೆ ಅದರ ಕೆಲವು ಪ್ರೋಟೀನ್‌ಗಳು ರೂಪ ಬದಲಿಸಿ ತಳಕ್ಕೆ ಅಂಟಿಕೊಳ್ಳುತ್ತವೆ, ಮೇಲೆ ಕೆನೆ ಕಟ್ಟುತ್ತದೆ, ಆ ಕೆನೆಯ ಕೆಳಗೆ ಸಿಕ್ಕಿಬಿದ್ದ ಆವಿ ಅದನ್ನು ಎತ್ತಿಕೊಂಡೇ ಉಕ್ಕುತ್ತದೆ. ಮಧ್ಯಮ ಉರಿಯಲ್ಲಿ ಶುರುಮಾಡಿ, ಅಂಚಿನಲ್ಲಿ ಚಿಕ್ಕ ಗುಳ್ಳೆಗಳ ಸಾಲು ಕಂಡ ತಕ್ಷಣ ಸಣ್ಣ ಉರಿಗೆ ಇಳಿಸಿ ಕಲಕುತ್ತಿರುವುದು ಸುರಕ್ಷಿತ ಮಾರ್ಗ.

ಎಣ್ಣೆಯಲ್ಲಿ, ಬರಿಯ ಬಾಣಲೆಯಲ್ಲಿ

ಉರಿಯ ಆಯ್ಕೆ ಅಡುಗೆಯನ್ನು ಕೆಡಿಸುವುದೂ ಉಳಿಸುವುದೂ ಹೆಚ್ಚಾಗಿ ಇಲ್ಲಿಯೇ. ಈರುಳ್ಳಿಯನ್ನೇ ತೆಗೆದುಕೊಳ್ಳಿ. ಅದರ ತೂಕದ ಹೆಚ್ಚುಕಡಿಮೆ ಒಂಬತ್ತು ಪಾಲು ನೀರು, ಉಳಿದದ್ದು ಒಂದು ಪಾಲು. ಹೆಚ್ಚಿದ ಈರುಳ್ಳಿಯನ್ನು ಬಿಸಿ ಎಣ್ಣೆಗೆ ಹಾಕಿದಾಗ ಕೇಳುವ "ಚುಂಯ್" ಎಂಬ ಸದ್ದು ಆ ನೀರು ಆವಿಯಾಗುವ ಸದ್ದು. ಅದು ಕೇಳುತ್ತಿರುವವರೆಗೆ ಬಾಣಲೆಯಲ್ಲಿ ನೀರಿನ ಆಳ್ವಿಕೆಯೇ ನಡೆದಿದೆ, ಉರಿ ಕೊಂಚ ಹೆಚ್ಚಿದ್ದರೂ ಹೆದರಬೇಕಿಲ್ಲ. ಐದಾರು ನಿಮಿಷದಲ್ಲಿ ತುಂಡುಗಳು ಬಾಡಿ ಪಾರದರ್ಶಕವಾಗುತ್ತವೆ, ಸದ್ದು ತಗ್ಗುತ್ತದೆ, ಎಣ್ಣೆ ಬದಿಯಲ್ಲಿ ಬೇರೆಯಾಗಿ ಕಾಣುತ್ತದೆ. ಅಪಾಯ ಶುರುವಾಗುವುದು ಆ ಗಳಿಗೆಯಲ್ಲಿ. ಅಷ್ಟು ಹೊತ್ತು ಏನೂ ಆಗದಂತಿದ್ದ ಈರುಳ್ಳಿ ಅದೇ ಉರಿಯಲ್ಲಿ ಒಂದೆರಡು ನಿಮಿಷದೊಳಗೆ ಅಂಚುಗಳಲ್ಲಿ ಕಪ್ಪಾಗುತ್ತದೆ, ನಡುವೆ ಬೆಳ್ಳಗೇ ಉಳಿಯುತ್ತದೆ. ಆದ್ದರಿಂದ ಸದ್ದು ತಗ್ಗಿದಾಗ ಉರಿಯನ್ನೂ ತಗ್ಗಿಸಬೇಕು. ಬಾಡಿಸಿದರೆ ಸಾಕೆನ್ನುವವರು ಮಧ್ಯಮದ ಕೆಳಗಿನ ಉರಿಯಲ್ಲಿ, ಚಿಟಿಕೆ ಉಪ್ಪು ಹಾಕಿ ಮುಚ್ಚಳ ಮುಚ್ಚಿ ನೀರು ಬಿಡಿಸಬಹುದು. ಆಳವಾದ ಕಂದುಬಣ್ಣ ಬೇಕೆನ್ನುವವರು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯನ್ನಾದರೂ ಕೊಡಬೇಕು. ಇದನ್ನು ಹತ್ತು ನಿಮಿಷದಲ್ಲಿ ಮುಗಿಸಿ ಎಂದು ಬರೆದಿರುವ ಸೂಚನೆಗಳನ್ನು ನಂಬಬೇಡಿ.

ಬೆಳ್ಳುಳ್ಳಿಯ ತುಂಡು ಚಿಕ್ಕದು, ಒಳಗಿನ ನೀರೂ ಕಡಿಮೆ. ಅದಕ್ಕೂ ಪುಡಿ ಮಸಾಲೆಗೂ ಸಣ್ಣ ಉರಿಯಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕು. ಸುಗಂಧ ಬಂದ ಕೂಡಲೇ ನೀರಿರುವ ಪದಾರ್ಥವೊಂದನ್ನು ಹಾಕಿ ತಾಪಮಾನ ಇಳಿಸಬೇಕು, ತಡಮಾಡಿದರೆ ಕಹಿಯಾಗುತ್ತದೆ.

ಕಂದು ಮಾಡಬೇಕಾದ ಪದಾರ್ಥಗಳಿಗೆ, ಅಂದರೆ ಮಾಂಸದ ತುಂಡು, ಅಣಬೆ, ಪನೀರ್, ಆಲೂಗಡ್ಡೆಯ ಬಿಲ್ಲೆಗಳಿಗೆ, ಮಧ್ಯಮದಿಂದ ಜೋರು ಉರಿ ಬೇಕು. ಆದರೆ ಉರಿಗಿಂತ ಮೊದಲು ನೋಡಬೇಕಾದದ್ದು ತೇವವನ್ನು. ಮೇಲ್ಮೈ ಒದ್ದೆಯಾಗಿದ್ದರೆ ಒಲೆ ಎಷ್ಟು ಉರಿದರೂ ಆ ನೀರು ಹೋಗುವವರೆಗೆ ತಾಪಮಾನ 100 ಡಿಗ್ರಿ ದಾಟದು. ಬಟ್ಟೆಯಿಂದ ಒತ್ತಿ ಒರೆಸಿ, ಕಾದ ಬಾಣಲೆಯಲ್ಲಿ ತುಂಡುಗಳ ನಡುವೆ ಜಾಗ ಬಿಟ್ಟು ಜೋಡಿಸಿ. ಒಮ್ಮೆಗೇ ಎಲ್ಲವನ್ನೂ ಸುರಿದರೆ ಬಾಣಲೆ ತಣ್ಣಗಾಗಿ, ಬಿಟ್ಟ ನೀರಿನಲ್ಲಿ ಪದಾರ್ಥ ಬೇಯತೊಡಗುತ್ತದೆ; ಆಗ ನಾಬನ್ನು ಎಷ್ಟು ತಿರುಗಿಸಿದರೂ ಬಣ್ಣ ಬಾರದು. ಎರಡು ಸರದಿ ಮಾಡಿಕೊಳ್ಳುವುದೇ ಇದಕ್ಕೆ ಮದ್ದು. ದಪ್ಪ ತುಂಡಾಗಿದ್ದರೆ ಎರಡೂ ಬದಿ ಕಂದಾದ ಮೇಲೆ ಉರಿಯನ್ನು ಇಳಿಸಿ ಮುಚ್ಚಳ ಮುಚ್ಚಿ ಒಳಗನ್ನು ಬೇಯಿಸಬೇಕು. ಕೋಳಿಮಾಂಸದ ಅತಿ ದಪ್ಪ ಭಾಗ 74 ಡಿಗ್ರಿ ಮುಟ್ಟಿರಬೇಕು.

ಬಾಣಲೆ ಕಾದಿದೆಯೇ ಎಂದು ತಿಳಿಯಲು ಲೇಪನವಿಲ್ಲದ ಸ್ಟೀಲ್ ಬಾಣಲೆಯಲ್ಲಿ, ಎಣ್ಣೆ ಹಾಕುವ ಮೊದಲು, ಒಂದು ಹನಿ ನೀರು ಚಿಮುಕಿಸಿ ನೋಡಬಹುದು. ಹನಿ ಸುಮ್ಮನೆ ಕೂತು ಗುಳ್ಳೆಯೇಳಿಸಿದರೆ ಇನ್ನೂ ಕಾದಿಲ್ಲ. ಚುರ್ ಎಂದು ತಕ್ಷಣ ಆರಿದರೆ ಮಧ್ಯಮ. ಮುತ್ತಿನಂತೆ ದುಂಡಗಾಗಿ ಬಾಣಲೆಯ ಮೇಲೆ ಓಡಾಡಿದರೆ ತಾಪಮಾನ 190 ಡಿಗ್ರಿಯ ಆಸುಪಾಸಿಗೆ ಬಂದಿದೆ. ಹನಿಯ ಕೆಳಗೆ ಆವಿಯ ತೆಳುಪದರ ಹುಟ್ಟಿ ಅದನ್ನು ಎತ್ತಿ ಹಿಡಿಯುವುದರಿಂದ ಹೀಗಾಗುತ್ತದೆ. ಜರ್ಮನಿಯ ವೈದ್ಯ ಯೋಹಾನ್ ಗಾಟ್‌ಲೊಬ್ ಲೈಡನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರಿಸಿದ್ದರಿಂದ ಈ ವಿದ್ಯಮಾನಕ್ಕೆ ಅವರ ಹೆಸರೇ ನಿಂತಿದೆ. ಹನಿ ಹೀಗೆ ಓಡಿದರೆ ಅದನ್ನು ಒರೆಸಿ, ಎಣ್ಣೆ ಹಾಕಿ, ಉರಿಯನ್ನು ಮಧ್ಯಮಕ್ಕೆ ಇಳಿಸಿ. ಎಣ್ಣೆ ಹಾಕಿದ ಮೇಲೆ ನೀರು ಚಿಮುಕಿಸುವುದು ಸರ್ವಥಾ ಕೂಡದು.

ಅಂಟದ ಲೇಪನದ ಬಾಣಲೆಗೆ ಈ ಪರೀಕ್ಷೆಯೂ ಬೇಡ, ಜೋರು ಉರಿಯೂ ಬೇಡ. ಆ ಲೇಪನವಾದ ಪಿಟಿಎಫ್ಇ ಸುಮಾರು 260 ಡಿಗ್ರಿಯ ಮೇಲೆ ಕೆಡಲಾರಂಭಿಸುತ್ತದೆ, ಇನ್ನೂ ಕಾದರೆ ಹಾನಿಕರ ಹೊಗೆ ಬಿಡುತ್ತದೆ. ಖಾಲಿ ಬಾಣಲೆ ಜೋರು ಉರಿಯಲ್ಲಿ ಈ ಮಟ್ಟ ಮುಟ್ಟಲು ಕೆಲವೇ ನಿಮಿಷ ಸಾಕು. ಎಣ್ಣೆ ಅಥವಾ ಪದಾರ್ಥ ಹಾಕಿಯೇ ಒಲೆ ಹೊತ್ತಿಸಿ, ಮಧ್ಯಮ ಉರಿಯನ್ನೇ ಗರಿಷ್ಠ ಮಿತಿಯೆಂದು ಇಟ್ಟುಕೊಳ್ಳಿ.

ಕರಿಯುವುದಕ್ಕೆ ಎಣ್ಣೆ 160ರಿಂದ 190 ಡಿಗ್ರಿಯ ನಡುವೆ ಇರಬೇಕು. ದಪ್ಪ, ಹಸಿ ಪದಾರ್ಥಗಳಿಗೆ ಕೆಳಗಿನ ತುದಿ, ತೆಳ್ಳಗಿನವಕ್ಕೂ ಮೊದಲೇ ಬೆಂದಿರುವವಕ್ಕೂ ಮೇಲಿನ ತುದಿ. ಥರ್ಮಾಮೀಟರ್ ಇಲ್ಲದವರು ಒಣಗಿದ ಮರದ ಸೌಟಿನ ಹಿಡಿಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ ನೋಡಬಹುದು: ಸುತ್ತ ಚಿಕ್ಕ ಗುಳ್ಳೆಗಳು ಸತತವಾಗಿ ಎದ್ದರೆ ಎಣ್ಣೆ ಹದಕ್ಕೆ ಬಂದಿದೆ. ಎಣ್ಣೆಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಪದಾರ್ಥ ಹಾಕಿದಾಗ ತಾಪಮಾನ ಕುಸಿಯುವುದರಿಂದ ಆಗ ಉರಿಯನ್ನು ತುಸು ಏರಿಸಿ, ಗುಳ್ಳೆಗಳು ತಗ್ಗುತ್ತಿದ್ದಂತೆ ಮತ್ತೆ ಇಳಿಸಬೇಕು. ಹೀಗೆ ಕೈ ನಾಬಿನ ಮೇಲೆಯೇ ಇರಬೇಕಾದ ಕೆಲಸ ಇದು. ಎಣ್ಣೆ ಸಾಕಷ್ಟು ಕಾಯದಿದ್ದರೆ ಪದಾರ್ಥ ಎಣ್ಣೆ ಹೀರಿ ಜಿಡ್ಡಾಗುತ್ತದೆ. ಅತಿಯಾಗಿ ಕಾದರೆ ಹೊರಗೆ ಕಪ್ಪು, ಒಳಗೆ ಹಸಿ. ಪಿಷ್ಟವುಳ್ಳ ಪದಾರ್ಥಗಳಲ್ಲಿ 120 ಡಿಗ್ರಿಯ ಮೇಲೆ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಹುಟ್ಟುವುದರಿಂದ ಹೊಂಬಣ್ಣಕ್ಕೇ ತೆಗೆಯಬೇಕು, ಗಾಢ ಕಂದಿಗೆ ಬಿಡಬಾರದು. ಎಣ್ಣೆ ಹೊಗೆಯಾಡಿತೆಂದರೆ ತಕ್ಷಣ ಒಲೆ ಆರಿಸಿ. ಹೊತ್ತಿಕೊಂಡರೆ ನೀರು ಹಾಕದೆ, ಪಾತ್ರೆಯನ್ನು ಎತ್ತಿಕೊಂಡು ಓಡದೆ, ಒಲೆ ಆರಿಸಿ ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿ, ಪೂರ್ತಿ ತಣಿಯುವವರೆಗೆ ತೆಗೆಯಬೇಡಿ.

ಎಣ್ಣೆಯಿಲ್ಲದೆ ಬೀಜ, ಕಾಳು, ಮಸಾಲೆಗಳನ್ನು ಹುರಿಯುವಾಗ ಸಣ್ಣದರಿಂದ ಮಧ್ಯಮ ಉರಿಯೇ ಸರಿ. ಬಾಣಲೆಯ ಬಿಸಿ ತಾಗುವುದು ಕಾಳಿನ ಒಂದು ಬಿಂದುವಿಗೆ ಮಾತ್ರ, ಆದ್ದರಿಂದ ಕೈಯಾಡಿಸುವುದನ್ನು ನಿಲ್ಲಿಸುವಂತಿಲ್ಲ. ಬಣ್ಣ ಬೇಕಾದದ್ದಕ್ಕಿಂತ ಒಂದು ಛಾಯೆ ಕಡಿಮೆ ಇರುವಾಗಲೇ ತಟ್ಟೆಗೆ ಸುರಿಯಬೇಕು.

ಪಾತ್ರೆಯ ಲೋಹವನ್ನು ಮರೆಯಬಾರದು

ಶಾಖ ಹರಡುವ ಶಕ್ತಿಯಲ್ಲಿ ತಾಮ್ರವನ್ನು 400 ಎಂದು ಇಟ್ಟುಕೊಂಡರೆ ಅಲ್ಯೂಮಿನಿಯಂ ಸುಮಾರು 235, ಬೀಡು ಕಬ್ಬಿಣ 50ರ ಸುಮಾರು, ಸ್ಟೇನ್‌ಲೆಸ್ ಸ್ಟೀಲ್ 15ರ ಸುಮಾರು. ತೆಳು ಸ್ಟೀಲ್ ಪಾತ್ರೆಯಲ್ಲಿ ಜ್ವಾಲೆ ತಾಗುವ ಉಂಗುರದಲ್ಲಿ ಮಾತ್ರ ತಳ ಹಿಡಿಯುವುದು ಇದರಿಂದಲೇ. ನಡುವೆ ಅಲ್ಯೂಮಿನಿಯಂ ಪದರವಿರುವ ದಪ್ಪ ತಳದ ಸ್ಟೀಲ್ ಪಾತ್ರೆ ಈ ತೊಂದರೆಯನ್ನು ನೀಗಿಸುತ್ತದೆ. ಬೀಡು ಕಬ್ಬಿಣದ ಬಾಣಲೆಯನ್ನು ಮಧ್ಯಮ ಉರಿಯಲ್ಲಿ ಐದಾರು ನಿಮಿಷ ನಿಧಾನವಾಗಿ ಕಾಯಿಸಬೇಕು. ಒಮ್ಮೆ ಕಾದರೆ ಅದು ಬೇಗ ತಣಿಯದ ಕಾರಣ ಉರಿಯನ್ನು ಇಳಿಸುವ ನಿರ್ಧಾರವನ್ನು ಒಂದು ನಿಮಿಷ ಮೊದಲೇ ತೆಗೆದುಕೊಳ್ಳಬೇಕಾಗುತ್ತದೆ. ಪಾತ್ರೆಯ ತಳ ಬರ್ನರ್ ಅಥವಾ ತಟ್ಟೆಯ ಅಳತೆಗೆ ಹೊಂದುವಂತಿರಲಿ. ಗಾಜಿನ ಮೇಲ್ಮೈಯ ಒಲೆಗಳಿಗೆ ಚಪ್ಪಟೆ ತಳವೇ ಬೇಕು.

ಯಾವಾಗ ಆರಿಸಬೇಕು

ಒಲೆ ಆರಿದರೂ ಅಡುಗೆ ನಿಲ್ಲುವುದಿಲ್ಲ. ಕಲಕಿ ಮಾಡುವ ಮೊಟ್ಟೆಯನ್ನು ಇನ್ನೂ ತುಸು ಹಸಿಯಾಗಿ ಹೊಳೆಯುತ್ತಿರುವಾಗಲೇ ಇಳಿಸಿದರೆ ಬಡಿಸುವ ಹೊತ್ತಿಗೆ ಹದವಾಗಿರುತ್ತದೆ. ಪಿಷ್ಟ ಹಾಕಿದ ಸಾಸ್‌ಗಳು ತಣಿದಾಗ ಇನ್ನಷ್ಟು ಗಟ್ಟಿಯಾಗುವುದರಿಂದ ಸ್ವಲ್ಪ ತೆಳ್ಳಗಿರುವಾಗಲೇ ನಿಲ್ಲಿಸಬೇಕು. ವಿದ್ಯುತ್ ತಟ್ಟೆಯ ಒಲೆಯಲ್ಲಿ ಅಡುಗೆ ಮುಗಿಯುವ ಐದು ನಿಮಿಷ ಮೊದಲೇ ಆರಿಸಿ, ಉಳಿದ ಬಿಸಿಯನ್ನು ಬಳಸಿಕೊಳ್ಳಬಹುದು. ಪಾತ್ರೆ ಇಳಿಸಿದ ಮೇಲೂ ಆ ತಟ್ಟೆ ಕೈ ಸುಡುವಷ್ಟು ಬಿಸಿಯಾಗಿರುತ್ತದೆ ಎಂಬುದನ್ನು ಮಕ್ಕಳಿರುವ ಮನೆಯವರು ಗಮನದಲ್ಲಿಟ್ಟುಕೊಳ್ಳಬೇಕು.

ಉಳಿದ ಅಡುಗೆಯನ್ನು ಮತ್ತೆ ಬಿಸಿ ಮಾಡುವಾಗ ತೆಳ್ಳಗಿನದನ್ನು ಜೋರು ಉರಿಯಲ್ಲಿಟ್ಟು ಒಂದು ಕುದಿ ತೆಗೆದರಾಯಿತು. ಗಟ್ಟಿಯಾದದ್ದಕ್ಕೆ ಮೊದಲು ಎರಡು ಮೂರು ಚಮಚ ನೀರು ಬೆರೆಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿಟ್ಟು, ನಡುನಡುವೆ ತಳದಿಂದ ಎತ್ತಿ ಮಗುಚಬೇಕು. ಅಂಚಿನಲ್ಲಿ ಗುಳ್ಳೆ ಬಂದ ಮಾತ್ರಕ್ಕೆ ಇಳಿಸದೆ, ನಡುಭಾಗದಿಂದ ಒಂದು ಚಮಚ ತೆಗೆದರೂ ಹಬೆಯಾಡುವಷ್ಟು ಬಿಸಿಯಾದ ಮೇಲೆಯೇ ಒಲೆ ಆರಿಸಿ.